ಚಾಕುವಿಗೆ ತಪ್ಪಿದ ವನವಾಸ

ಮೇಡ್ಲೇರಿಯಲ್ಲಿ ಬರಿಗೈಲಿ ಹೊಲದ ಕಡೆ ಹೊರಟವನನ್ನು ಕಂಡರೆ ಎದುರಿಗೆ ಬಂದವರು "ಯಾಕ, ಆರಾಮಿಲ್ಲೇನು?" ಅಂತ ಕೇಳುತ್ತಾರೆ. ಕುಡಗೋಲೋ ಕುರುಪಿಯೋ ಕೊಡ್ಲಿಯೋ, ಏನಾದರೊಂದು ಕೈಯಲ್ಲಿರಬೇಕು, ಕೆಲಸ ಇರಲೇಬೇಕೆಂದೇನಿಲ್ಲ. ಕುರಿ ಕಾಯುವವರದು ಇನ್ನೂ ಒಂದು ಕೈ ಮೇಲು. ಹೆಗಲ ಮೇಲೆ ಕರೀ ಕಂಬಳಿ, ಕೈಯಲ್ಲಿ ಉದ್ದನೆಯ ಗಳದ ತುದಿಗೆ ಕುಡಗೋಲು ಬಿಗಿದ ದೋಟಿ. ಅದರಿಂದ ಜಾಲಿಕಾಯಿ ಕೆಡವುತ್ತ, ಕರೆದವರ ಹೊಲದಲ್ಲಿ ಕುರಿ ತರುಬುತ್ತ, ಮೂರು ಕಲ್ಲು ಹೂಡಿದಲ್ಲಿ ಅಡುಗೆ, ಕಂಬಳಿ ಹಾಸಿದಲ್ಲಿ ನಿದ್ದೆ ಎಂದು ತಿಂಗಳುಗಟ್ಟಲೆ ಅಲೆಯುತ್ತಾರೆ. ಈ ಬಾಳುವೆಗೆ 'ಬುಷ್‌ಕ್ರಾಫ್ಟ್' ಎಂಬ ಹೆಸರಿದೆ, ಅದನ್ನು ಎರಡು ದಿನ ಅನುಭವಿಸಲು ಜನ ದುಡ್ಡು ಕೊಡುತ್ತಾರೆ ಎಂದು ನಾನೊಬ್ಬ ಕುರಿಗಾರನಿಗೆ ಹೇಳಿದೆ. ಆತ ಬಹಳ ಹೊತ್ತು ಯೋಚಿಸಿ, "ಕುರಿ ಅವರವ ತರತಾರೇನು?" ಎಂದ.

ಆ ಹೆಸರು ನನ್ನ ಕಿವಿಗೆ ಬಿದ್ದದ್ದು ತಂಗಿಯ ಮಗನಿಂದ. ಬೆಂಗಳೂರಿನಲ್ಲಿ ಕುರ್ಚಿ ಬಿಟ್ಟೇಳದ ನೌಕರಿ ಅವನದು. ದಸರೆಗೆ ಬಂದವನು ಚೀಲದಿಂದ ಒಂದು ಚಾಕು ತೆಗೆದು, ಬಾಣಂತನದ ಮನೆಯಲ್ಲಿ ಕೂಸು ತೋರಿಸುವವರ ಹಾಗೆ ಎರಡೂ ಕೈಯಲ್ಲಿ ಎತ್ತಿ ತೋರಿಸಿದ. ನಾಲ್ಕಿಂಚಿನ ಅಲಗು, ದಪ್ಪ ಬೆನ್ನು, ಅಕ್ರೋಟ ಮರದ ಹಿಡಿಕೆ, ಅದಕ್ಕೆ ಹಿತ್ತಾಳೆಯ ಮೊಳೆ, ಮೇಲೊಂದು ತೊಗಲಿನ ಒರೆ. ಮಡಚುವ ಚಾಕು ಕಾಡಿಗೆ ನಡೆಯುವುದಿಲ್ಲವಂತೆ, ಕೀಲಿದ್ದಲ್ಲಿ ಕೈಕೊಡುತ್ತದೆ. ಇದರ ಉಕ್ಕು ಮೊನೆಯಿಂದ ಹಿಡಿಕೆಯ ಕೊನೆತನಕ ಒಂದೇ ತುಂಡು. ಬೆನ್ನ ಮೇಲೆ ಕೊರಡಿನಿಂದ ಬಡಿದು ಕಟ್ಟಿಗೆ ಸೀಳಬಹುದು. ಮರದ ಹಿಡಿಕೆಯೇ ಯಾಕೆಂದರೆ, ಹಿಮದಲ್ಲಿ ಬರೀ ಲೋಹ ಹಿಡಿದರೆ ಕೈ ಮರಗಟ್ಟುತ್ತದೆ.

"ಮೇಡ್ಲೇರಿಗೆ ಇದು ಬಾಳ ಜರೂರಿತ್ತು ನೋಡು" ಎಂದೆ. ಅವನಿಗೆ ಕೇಳಿಸಲಿಲ್ಲ. ಸ್ವೀಡನ್ನಿನ ಮೊರಾ ಎಂಬ ಊರಿನ ಚಾಕುವಿನ ಕಾರ್ಖಾನೆ 1891ರಷ್ಟು ಹಳೆಯದು, ಚಾಕುವಿಗೂ ಊರಿನದೇ ಹೆಸರು ಎಂದು ಹೇಳುವುದರಲ್ಲಿ ಮುಳುಗಿದ್ದ.

ಚಾಕು ಸಿದ್ಧವಾಯಿತು, ಇನ್ನು ಕಾಡು ಬೇಕಲ್ಲ. ರಾಣೆಬೆನ್ನೂರು ಸೀಮೆಯ ಕಾಡೆಂದರೆ ಕೃಷ್ಣಮೃಗಗಳ ಅಭಯಾರಣ್ಯ. 1974ರಲ್ಲಿ ಆದದ್ದು, 119 ಚದರ ಕಿಲೋಮೀಟರು. ಅದರ ಬಹುಭಾಗ ಸಾಲುಹಿಡಿದು ನೆಟ್ಟ ನೀಲಗಿರಿ. ಅಲ್ಲಿ ದಾರಿ ತಪ್ಪಬೇಕೆಂದರೂ ಶ್ರಮಪಡಬೇಕು. ಆದರೂ ಕಾಡು ಕಾಡೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 31ನೇ ಕಲಮಿನ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಆಯುಧ ಹಿಡಿದು ಅಭಯಾರಣ್ಯದೊಳಗೆ ಕಾಲಿಡುವಂತಿಲ್ಲ. ಆಯುಧ ಅಂದರೇನು ಎಂಬುದನ್ನೂ ಆ ಕಾಯ್ದೆಯೇ ಬಿಡಿಸಿ ಹೇಳಿದೆ: ಬಂದೂಕು, ಬಿಲ್ಲು-ಬಾಣ, ಬಲೆ, ವಿಷ, ಉರುಲು, ಇವುಗಳ ಪಂಕ್ತಿಯಲ್ಲೇ ಚಾಕು. ಅಪಾಯವಾಗುವಂತೆ ಬೆಂಕಿ ಹಾಕಿದವರನ್ನು 30ನೇ ಕಲಮು ನೋಡಿಕೊಳ್ಳುತ್ತದೆ. ಹೀಗಾಗಿ ವನವಾಸಕ್ಕೆಂದೇ ಹುಟ್ಟಿದ ಚಾಕು ವನದ ಬಾಗಿಲಲ್ಲೇ ಉಳಿಯಿತು. ಕಾನೂನಿನ ಮೇಲೆ ನನ್ನದೇನೂ ತಕರಾರಿಲ್ಲ. ತಕರಾರಿರುವುದು ಕೃಷ್ಣಮೃಗಗಳ ಮೇಲೆ. ಅವು ರಾತ್ರಿ ಹೊಲಕ್ಕಿಳಿಯುವಾಗ ಯಾರ ಲಿಖಿತ ಅನುಮತಿಯನ್ನೂ ತರುವುದಿಲ್ಲ.

ಕೊನೆಗೆ ನಮ್ಮ ಹೊಲದ ಬದುವೇ ಅವನ ದಂಡಕಾರಣ್ಯವಾಯಿತು. ಜಾಲಿಯ ಒಣಕಡ್ಡಿಯನ್ನು ಎಳೆ ಎಳೆಯಾಗಿ ಹೆರೆದು, ನಡುವೆ ಒಂದು ಹಿಡಿ ಹತ್ತಿ ಇಟ್ಟು, ಚಾಕುವಿನ ಬೆನ್ನನ್ನು ಒಂದು ಕರೀ ಸಲಾಕೆಗೆ ಗೀರಿದ. ಕಿಡಿ ಹಾರಿತು, ಬೆಂಕಿ ಹತ್ತಿತು. ನನಗೂ ಖುಷಿಯಾಯಿತು, ಸುಳ್ಳೇಕೆ. ಬಾಜೂ ಹೊಲದ ಮುದುಕಪ್ಪ ಬಂದು ಆ ಬೆಂಕಿಯಲ್ಲೇ ಬೀಡಿ ಹಚ್ಚಿಕೊಂಡು, "ಚಕಮಕಿ ಇದು. ನಮ್ಮಜ್ಜನ ಚಂಚಿಯೊಳಗ ಇತ್ತು. ಆದ್ರ ಅವಗ ಇಷ್ಟ ದೊಡ್ಡ ಚಾಕು ಬೇಕಾಗತಿರಲಿಲ್ಲ" ಎಂದ. ಎರಡು ದಮ್ಮು ಎಳೆದು ಮುಂದುವರಿದ: "ನಾಳಿ ಒಂದೀಟು ಕೊಡ್ರಿ, ಕುರಿ ಗೊರಸು ಹೆರೀಬೇಕು."

ಚಾಕುವಿನ ನಿಜವಾದ ಪರೀಕ್ಷೆ ಶುರುವಾದದ್ದು ಅಲ್ಲಿಂದ. ಖಂಡೇನವಮಿಯ ದಿನ ಅದನ್ನೂ ಕುಡಗೋಲು, ಕುರುಪಿಗಳ ಸಾಲಿನಲ್ಲಿಟ್ಟು ವಿಭೂತಿ ಹಚ್ಚಿ ಪೂಜೆ ಮಾಡಿದೆವು. ಅಳಿಯ ಅದನ್ನು ನಮ್ಮ ಮನೆಯಲ್ಲೇ ಬಿಟ್ಟು ಹೋದ. ಬೆಂಗಳೂರಿನ ಮೆಟ್ರೋದೊಳಗೂ ಚಾಕು ಬಿಡುವುದಿಲ್ಲವಲ್ಲ. ಕಾಡಿನಲ್ಲಿ ಬದುಕುವುದನ್ನು ಕಲಿಸುವವರು ಚಳಿ, ಹಸಿವು, ಕರಡಿಗಳ ಬಗ್ಗೆ ಹೇಳುತ್ತಾರೆ. ಇಸಗೊಳ್ಳುವವರ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಊರಲ್ಲಿ ಇದ್ದ ಸಾಮಾನನ್ನು ಇಲ್ಲ ಅನ್ನುವಂತಿಲ್ಲ. ಕೊಟ್ಟ ಮೇಲೆ ಕೇಳುವಂತಿಲ್ಲ. ಗೊರಸು ಹೆರೆಯಲು ಹೋದದ್ದು ಕಬ್ಬು ಸುಲಿದು, ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸಿ, ಯಾರದೋ ಮೋಟಾರಿನ ಸ್ಕ್ರೂ ಬಿಗಿದು ಬಂತು. ಒಮ್ಮೆ ಮೆಣಸಿನಕಾಯಿ ಚೀಲದ ಸುತಳಿ ಕೊಯ್ಯಲೆಂದು ಬ್ಯಾಡಗಿ ಮಾರುಕಟ್ಟೆಗೂ ಹೋಗಿತ್ತು. ಬಂದ ಮೇಲೆ ನನ್ನ ಹೆಂಡತಿ ಅದರಿಂದಲೇ ಪೇರಲಹಣ್ಣು ಹೆಚ್ಚಿದಳು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂಬುದು ಹಣ್ಣಿನ ಹೋಳು ಕೆಂಪಾದದ್ದನ್ನು ನೋಡಿದರೆ ನಿಜವೇ. ಖಾರ ಕಡಿಮೆ ಎಂಬುದನ್ನು ಮಾತ್ರ ಬ್ಯಾಡಗಿಯವರೇ ತಿಂದು ಹೇಳಬೇಕು.

ಒಂದು ದಿನ ಬಾಯಿ ಮುಕ್ಕಾಗಿ ಬಂತು. ಯಾರು, ಯಾತಕ್ಕೆ ಎಂದು ಕೇಳಲಿಲ್ಲ. ಒಯ್ದು ಕಮ್ಮಾರಸಾಲೆಯಲ್ಲಿ ಕೊಟ್ಟೆ. ಕಮ್ಮಾರ ಮೊದಲು ಅರ ಹಚ್ಚಿ ನೋಡಿದ. ಅರ ಹಿಡಿಯದೆ ಜಾರಿತು. "ಅರಾ ಕುಂಡ್ರವಲ್ದು. ಉಕ್ಕು ಐತಿ ಬಿಡ್ರಿ" ಎಂದು ಒಪ್ಪಿಗೆ ಕೊಟ್ಟ. ಅವನ ಉಕ್ಕು ಹಳೇ ಲಾರಿಯ ಪಾಟಾ. ಕುಡಗೋಲನ್ನು ಕೆಂಪಗೆ ಕಾಯಿಸಿ, ಬಾಯಿಯಷ್ಟನ್ನೇ ನೀರಿಗದ್ದಿ, ತಟಕ್ಕನೆ ಎತ್ತಿ ಕಲ್ಲಿಗೆ ತಿಕ್ಕಿ ಬೆಳಗುತ್ತಾನೆ. ಬೆನ್ನಲ್ಲಿ ಉಳಿದ ಕಾವು ಬಾಯಿಯ ಕಡೆ ಹರಿಯುತ್ತ ಬಂದಂತೆ ಉಕ್ಕಿನ ಮೇಲೆ ಬಣ್ಣ ನಡೆಯುತ್ತದೆ: ಒಣಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ. ಕಂದು ಬಾಯಿಗೆ ಮುಟ್ಟಿತೋ ಇಲ್ಲವೋ, ಪೂರ್ತಿ ಅದ್ದಿಬಿಡುತ್ತಾನೆ. ಮೊದಲೇ ಅದ್ದಿದರೆ ಗಾಜಾಗಿ ಸಿಡಿಯುತ್ತದೆ, ತಡವಾದರೆ ಮೆತ್ತಗಾಗಿ ಮಡಚುತ್ತದೆ. ಅಷ್ಟು ಹೊತ್ತು ಅವನನ್ನು ಮಾತಾಡಿಸಿದವರಿಗೆ ಬೈಗುಳ ಖಾತ್ರಿ.

ಅವನ ಅನುಮಾನವೆಲ್ಲ ಹಿಡಿಕೆಯ ಮೇಲೆ. "ಇದು ಮುರದ್ರ ಏನ್ ಮಾಡ್ತೀರಿ? ಇಂಥ ಕಟಗಿ ಎಲ್ಲಿಂದ ತರ್ತೀರಿ?" ಅವನ ಪದ್ಧತಿ ಬೇರೆ. ಕುಡಗೋಲಿನ ಮೊನಚು ಬಾಲವನ್ನು ಕೆಂಪಗೆ ಕಾಯಿಸಿ, ಜಾಲಿಯ ಕಾವಿನೊಳಗೆ ಚುಯ್ಯೆಂದು ಹೊಗೆ ಏಳುವಂತೆ ಇಳಿಸಿ, ಕೊರಳಿಗೊಂದು ಕಬ್ಬಿಣದ ಬಳೆ ಬಡಿದರೆ ಆಯಿತು. ಕಾವು ಮುರಿದರೆ ಬದುವಿನಲ್ಲಿ ಜಾಲಿ ಇದ್ದೇ ಇದೆ. ಮೊರಾದ 1891ರ ಸುದ್ದಿಯನ್ನು ಅವನಿಗೆ ಹೇಳಿದೆ. ಹೇಳುವಾಗಲೇ ನನಗೆ ನಮ್ಮದೇ ಜಿಲ್ಲೆಯ ಹಳ್ಳೂರು ನೆನಪಾಯಿತು. ಇದೇ ತುಂಗಭದ್ರೆಯ ದಂಡೆಯ ಊರು. 1965ರಲ್ಲಿ ಎಂ. ಎಸ್. ನಾಗರಾಜ ರಾವ್ ಅಲ್ಲಿ ಅಗೆದಾಗ ಸಿಕ್ಕ ಕಬ್ಬಿಣ ಸುಮಾರು ಕ್ರಿ.ಪೂ. 1000ದಷ್ಟು ಹಿಂದಿನದೆಂದು ಲೆಕ್ಕ ಹಾಕಿದರು. ಆಗ ಗೊತ್ತಿದ್ದ ಮಟ್ಟಿಗೆ ದಕ್ಷಿಣ ಭಾರತದ ಅತಿ ಹಳೆಯ ಕಬ್ಬಿಣಗಳಲ್ಲೊಂದು. ಮೂರು ಸಾವಿರ ವರ್ಷದ ಕಸುಬು, ಇನ್ನೂ ಒಂದು ಬೋರ್ಡು ಹಾಕಿಸಿಲ್ಲ ಎಂದು ಕಮ್ಮಾರನನ್ನು ಛೇಡಿಸಿದೆ. "ಬೋರ್ಡ್ ಹಾಕಿದ್ರ ಉದ್ರಿ ಕೇಳೋರು ಜಾಸ್ತಿ ಆಗ್ತಾರ್ರೀ" ಎಂದು ಚಾಕು ಮಸೆದು ಕೊಟ್ಟ. ಕೊಡುವ ಮುನ್ನ ಒರೆ ತಿರುವಿ ನೋಡಿ, ನಮ್ಮ ಮನೆಯಲ್ಲಿ ಸದ್ಯ ಅದಕ್ಕೇನಾದರೂ ಕೆಲಸ ಇದೆಯೇ ಎಂದು ಕೇಳಿದ. ಅವನ ಮಾವನ ಮನೆಯಲ್ಲಿ ಲಗ್ನವಂತೆ, ಬದನೆಕಾಯಿ ಹೆಚ್ಚುವುದು ಬಹಳವಂತೆ.

ಮೊನ್ನೆ ಅಳಿಯನ ಫೋನು. ಎಲ್ಲರ ಆರೋಗ್ಯ ಕೇಳಿ ಕಡೆಗೆ, "ಚಾಕು ಹೆಂಗೈತಿ ಮಾಮಾ?" ಎಂದ.

"ಆರಾಮೈತಪಾ. ಗುತ್ತಲಕ್ಕ ಹೋಗೈತಿ, ಮದುವಿಗೆ."