ಸೆಟ್ಟು ರಾಯರು

ರಾಯರು ಬಾಯಿ ತೆರೆದರೆ ಮೊದಲು ಕೇಳಿಸುವುದು ಮಾತಲ್ಲ, ‘ಟಿಕ್’. ಮೇಲ್ದವಡೆಯಲ್ಲಿ ಐದು ಕಟ್ಟಿದ ಹಲ್ಲು ಹೊತ್ತ ಗುಲಾಬಿ ಪ್ಲೇಟು ಕೂದಲೆಳೆಯಷ್ಟು ಕೆಳಗಿಳಿಯುತ್ತದೆ. ನಾಲಿಗೆ ಅದನ್ನು ಎತ್ತಿ ಸ್ವಸ್ಥಾನದಲ್ಲಿ ಕೂರಿಸುತ್ತದೆ. ಆಮೇಲೆ ‘ನೋಡಿ ಸ್ವಾಮಿ’ ಎಂದು ಮಾತು ಶುರು. ಮೈಸೂರಿನ ಕುವೆಂಪುನಗರದ ಪಾರ್ಕಿನಲ್ಲಿ ಬೆಳಗಿನ ವಾಕಿಂಗಿಗೆ ಬರುವವರಿಗೆಲ್ಲ ಈ ಟಿಕ್ ಪರಿಚಿತ. ಕೇಳಿಸಿದೊಡನೆ ಕೆಲವರು ಬೆಂಚಿನಲ್ಲಿ ಜಾಗ ಬಿಡುತ್ತಾರೆ, ಕೆಲವರು ಜಾಗ ಖಾಲಿ ಮಾಡುತ್ತಾರೆ.

ಇಂಥವರು ನಿಮ್ಮ ಬಡಾವಣೆಯಲ್ಲೂ ಇದ್ದಾರೆ. ಅಲ್ಲಿ ಅವರು ಗೌಡರಿರಬಹುದು, ಶೆಟ್ಟರಿರಬಹುದು. ಪೆನ್ಷನ್ನು, ಡೈರಿ, ಹಲ್ಲಿನ ಸೆಟ್ಟು ಮೂರೂ ಇದ್ದರೆ ಅವರೇ. ನಮ್ಮ ರಾಯರ ಡೈರಿಯಲ್ಲಿ ಸ್ಕೂಟರಿನ ಆಯಿಲ್ ಬದಲಿಸಿದ ದಿನ, ಯುಪಿಎಸ್ ಬ್ಯಾಟರಿಗೆ ನೀರು ಹಾಕಿದ ದಿನ, ಸಂಪು ತೊಳೆಸಿದ ದಿನ, ಗ್ಯಾಸಿನ ಟ್ಯೂಬು ಬದಲಿಸಬೇಕಾದ ದಿನ ಎಲ್ಲಕ್ಕೂ ಕೆಂಪು ಶಾಯಿಯ ನಮೂದು ಉಂಟು. ನವೆಂಬರ್ ಬಂತೆಂದರೆ ತಾವು ಜೀವಂತ ಇದ್ದೇವೆಂದು ಬ್ಯಾಂಕಿಗೆ ಮೊದಲು ರುಜುವಾತು ಕೊಡುವವರು ಅವರೇ. ಸೆಟ್ಟಿಗೆ ಮಾತ್ರ ಒಂದೇ ಸಾಲು: ‘ಹಲ್ಲು ಕಟ್ಟಿಸಿದ್ದು. ಮುಗಿಯಿತು.’

ಡಾಕ್ಟರಮ್ಮ ಮುಗಿಯಿತೆಂದು ಹೇಳಿರಲಿಲ್ಲ. ನಾಳೆ ಬನ್ನಿ, ಒಂದು ವಾರ ಬಿಟ್ಟು ಬನ್ನಿ, ಆಮೇಲೆ ಆರು ತಿಂಗಳಿಗೊಮ್ಮೆ ತೋರಿಸಿ, ರಾತ್ರಿ ತೆಗೆದು ನೀರಿನಲ್ಲಿಡಿ ಎಂದು ಚೀಟಿಯಲ್ಲಿ ಬರೆದೇ ಕೊಟ್ಟಿದ್ದರು. ರಾಯರು ಚೀಟಿಯನ್ನು ಫೈಲಿಗೆ ಸೇರಿಸಿದರು. ‘ಇದೆಲ್ಲ ಅವರ ವ್ಯಾಪಾರ ಸ್ವಾಮಿ. ಕಟ್ಟಿಸಿದ ಹಲ್ಲಿಗೆ ಹುಳುಕು ಹಿಡಿಯುತ್ತಾ? ಪ್ಲಾಸ್ಟಿಕ್ಕಿಗೆ ಎಂಥ ರೋಗ?’

ಪ್ಲಾಸ್ಟಿಕ್ಕಿಗೆ ರೋಗವಿಲ್ಲ, ನಿಜ. ಆದರೆ ಅದು ಕೂತಿರುವ ಬಾಯಿ ಪ್ಲಾಸ್ಟಿಕ್ಕಿನದಲ್ಲವಲ್ಲ. ಹಲ್ಲು ಕಿತ್ತ ಜಾಗದ ಮೂಳೆ ಕರಗುತ್ತಾ ಹೋಗುತ್ತದೆ. ಮೊದಲ ವರ್ಷ ಬೇಗಬೇಗ, ಆಮೇಲೆ ನಿಧಾನವಾಗಿ, ಆದರೆ ನಿಲ್ಲದೆ. ಸೆಟ್ಟು ಇದ್ದ ಹಾಗೇ ಇರುತ್ತದೆ, ಅದು ಕೂತ ವಸಡು ಮೆಲ್ಲಗೆ ಜಾರಿಕೊಳ್ಳುತ್ತದೆ. ಆಗ ಶುರುವಾಗುವುದೇ ಟಿಕ್. ಪ್ಲೇಟು ಅಲುಗಿದಷ್ಟೂ ಅದರ ತಂತಿಯ ಕೊಕ್ಕೆಗಳು ಪಕ್ಕದ ಸ್ವಂತ ಹಲ್ಲನ್ನು ಹಿಡಿದು ಜಗ್ಗುತ್ತವೆ. ಕೊಕ್ಕೆಯ ಸಂದಿಯಲ್ಲಿ ಅನ್ನದ ಅಗುಳು ನಿಂತು ಹುಳುಕು ಹಿಡಿಯುವುದೂ ಆ ಸ್ವಂತ ಹಲ್ಲಿಗೇ. ಹೋದ ಹಲ್ಲಿನ ಜಾಗ ತುಂಬಲು ಬಂದದ್ದು ಇದ್ದ ಹಲ್ಲಿಗೇ ಕೈಹಾಕುತ್ತದೆ. ಇದನ್ನು ಹೊತ್ತು ಮೀರುವ ಮುಂಚೆ ಕಂಡುಹಿಡಿಯಲೆಂದೇ ಡಾಕ್ಟರು ಬನ್ನಿ ಬನ್ನಿ ಎನ್ನುವುದು.

ರಾಯರಿಗೆ ಡಾಕ್ಟರೇಕೆ, ಮನೆಯಲ್ಲೇ ವರ್ಕ್‌ಶಾಪ್ ಇದೆ. ಮೊದಲ ವಾರ ವಸಡು ಒತ್ತಿ ಹುಣ್ಣಾದಾಗ ಎಮರಿ ಪೇಪರಿನಿಂದ ಅಂಚನ್ನು ಉಜ್ಜಿದರು. ಸಡಿಲವಾದಾಗ ಇಕ್ಕಳದಿಂದ ಕೊಕ್ಕೆ ಬಿಗಿದರು. ಮತ್ತೆ ಸಡಿಲವಾಯಿತು, ಮತ್ತೆ ಬಿಗಿದರು. ಬಾಗಿಸಿ ಬಾಗಿಸಿ ತಂತಿಗೇ ಸಾಕಾಗಿ ಒಂದು ಕೊಕ್ಕೆ ಇಕ್ಕಳದಲ್ಲೇ ಉಳಿಯಿತು. ಕ್ರಿಮಿ ಸಾಯಲೆಂದು ಕುದಿಯುವ ನೀರಿಗೂ ಹಾಕಿ ನೋಡಿದರು. ಕ್ರಿಮಿಯ ಗತಿ ತಿಳಿಯದು, ಪ್ಲೇಟಂತೂ ಸೊಟ್ಟಗಾಯಿತು. ಕೊನೆಗೆ ಕ್ಷಣದಲ್ಲಿ ಅಂಟುವ ಗೋಂದಿನ ಟ್ಯೂಬು ಹುಡುಕಲು ಹೊರಟಾಗ ಮನೆಯಾಕೆ, ‘ಏನೂಂದ್ರೆ, ಆಮೇಲೆ ಬಾಯಿ ಬಿಡಕ್ಕಾಗಲ್ಲ’ ಎಂದು ಅದನ್ನು ಬಚ್ಚಿಟ್ಟರು. ಒಂದು ಕ್ಷಣ ಯೋಚಿಸಿಯೇ ಬಚ್ಚಿಟ್ಟರೆಂದು ನನ್ನ ಗುಮಾನಿ.

ಹೊರಗಿನ ಊಟದಲ್ಲಿ ಸೆಟ್ಟಿನದೇ ಒಂದು ಕಥೆ. ಪ್ಲೇಟಿನಡಿ ಏನೋ ಸಿಕ್ಕಿಕೊಂಡರೆ ರಾಯರು ಎಡಗೈ ಮರೆಮಾಡಿ ಅದನ್ನು ತೆಗೆದು, ಪೇಪರ್ ನ್ಯಾಪ್‌ಕಿನ್ನಿನಲ್ಲಿ ಸುತ್ತಿ ಎಲೆಯ ಪಕ್ಕ ಇಡುತ್ತಾರೆ. ಒಂದು ಮದುವೆಯಲ್ಲಿ ಹೋಳಿಗೆ, ಪಾಯಸ, ಮಜ್ಜಿಗೆ ಮುಗಿಸಿ ಕೈ ತೊಳೆಯಲು ಎದ್ದರು. ಎಲೆ ಎತ್ತುವ ಹುಡುಗ ಎಲೆಯನ್ನು ಮಡಿಸಿ, ನ್ಯಾಪ್‌ಕಿನ್ ಸಮೇತ ಬಕೆಟ್ಟಿಗೆ ತುಂಬಿದ. ಮುಂದಿನ ಅರ್ಧ ಗಂಟೆ ಛತ್ರದ ಹಿತ್ತಲಿನಲ್ಲಿ ರೇಷ್ಮೆ ಪಂಚೆಯ ರಾಯರು, ಅವರ ಅಳಿಯ ಮತ್ತು ಒಂದು ಕೋಲು ಎಂಜಲೆಲೆಯ ರಾಶಿಯನ್ನು ಶೋಧಿಸುತ್ತಿದ್ದರು. ‘ಏನು ಕಳೀತು ರಾಯರೇ, ಉಂಗುರವೇ?’ ಎಂದು ಯಾರೋ ಕೇಳಿದರು. ಉತ್ತರಿಸಲು ಬೇಕಾದ ಸಾಮಗ್ರಿ ರಾಶಿಯೊಳಗಿತ್ತು.

ಸೆಟ್ಟು ಸಿಕ್ಕಿತು. ಆದರೆ ಕಾಫಿ, ಎಲೆಅಡಿಕೆ ಸೇರಿ ಅದು ಆಗಲೇ ಹಳೇ ಬಾಗಿಲ ಬಣ್ಣಕ್ಕೆ ತಿರುಗಿತ್ತು. ಈ ವಿಷಯದಲ್ಲಿ ರಾಯರಿಗೆ ದೊಡ್ಡವರ ಜೊತೆಯುಂಟು. ಅಮೆರಿಕದ ಜಾರ್ಜ್ ವಾಷಿಂಗ್ಟನ್ 1789ರಲ್ಲಿ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಂಡಾಗ ಬಾಯಲ್ಲಿ ಉಳಿದಿದ್ದ ಸ್ವಂತ ಹಲ್ಲು ಒಂದೇ. ದಂತವೈದ್ಯ ಜಾನ್ ಗ್ರೀನ್‌ವುಡ್ ಅದಕ್ಕೆಂದೇ ಸೆಟ್ಟಿನಲ್ಲಿ ತೂತು ಬಿಟ್ಟಿದ್ದ. ಸೆಟ್ಟು ಹಿಪ್ಪೊಪೊಟಮಸ್ಸಿನ ದಂತದ್ದು. ಕೊನೆಗೆ ಆ ಒಂಟಿ ಹಲ್ಲೂ ಹೋಯಿತು. ಆದರೂ ವಾಷಿಂಗ್ಟನ್ ಮಾಡಿದ ಒಂದು ಕೆಲಸವನ್ನು ರಾಯರು ಮಾಡಲಿಲ್ಲ: ರಿಪೇರಿಗೆ ಸೆಟ್ಟನ್ನು ಮತ್ತೆ ಮತ್ತೆ ಗ್ರೀನ್‌ವುಡ್‌ಗೆ ಕಳಿಸುತ್ತಿದ್ದರು. 1798ರಲ್ಲಿ ಗ್ರೀನ್‌ವುಡ್ ಬರೆದ ಕಾಗದದಲ್ಲಿ, ಪೋರ್ಟ್ ವೈನಿನಿಂದ ಸೆಟ್ಟು ಕಪ್ಪಾಗಿದೆ, ಊಟವಾದ ಮೇಲೆ ತೆಗೆದು ಶುದ್ಧ ನೀರಿನಲ್ಲಿಡಿ, ಇಲ್ಲವೇ ಬ್ರಷ್ಷಿನಿಂದ ಉಜ್ಜಿ ಎಂಬ ಬುದ್ಧಿವಾದವಿದೆ. ದೇಶದ ಅಧ್ಯಕ್ಷರಾಗಿದ್ದವರನ್ನೇ ಬಿಡದ ಮಾತನ್ನು ಕುವೆಂಪುನಗರದ ಡಾಕ್ಟರಮ್ಮ ರಾಯರಿಗೆ ಹೇಳಿದರೆ ವ್ಯಾಪಾರವಾಯಿತು.

ರಾಯರನ್ನು ಕೊನೆಗೂ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿಸಿದ್ದು ಒಂದು ಕೋಡುಬಳೆ. ಕಡಿದಾಗ ಸೆಟ್ಟಿಗೇನೂ ಆಗಲಿಲ್ಲ, ಅದರ ಕೊಕ್ಕೆ ಹಿಡಿದಿದ್ದ ಸ್ವಂತ ಕೋರೆಹಲ್ಲು ಅಲುಗಾಡಿತು.

ಡಾಕ್ಟರಮ್ಮ ಸೆಟ್ಟು ತೆಗೆಸಿ, ಕನ್ನಡಿ ಹಿಡಿದು ಅಂಗುಳ ತೋರಿಸಿದರು. ಪ್ಲೇಟು ಎಷ್ಟಗಲವೋ ಅಷ್ಟಗಲ ಕೆಂಪು, ಅಂಚಿಗೆ ಗೆರೆ ಎಳೆದ ಹಾಗೆ.

‘ರಾತ್ರಿ ತೆಗೀತಿಲ್ಲ ಅಲ್ವಾ ಅಂಕಲ್? ಇದು ಫಂಗಸ್ಸು.’

‘ನೋವೇ ಇಲ್ವಲ್ಲಮ್ಮ.’

‘ಇದರಲ್ಲಿ ಎಷ್ಟೋ ಜನಕ್ಕೆ ನೋವಿರಲ್ಲ. ಅದಕ್ಕೇ ಬನ್ನಿ ಅಂದಿದ್ದು.’

ಆಮೇಲೆ ಪ್ಲೇಟಿನ ಒಳಮೈಗೆ ಬಿಳಿ ಪೇಸ್ಟೊಂದನ್ನು ತೆಳ್ಳಗೆ ಬಳಿದು, ಬಾಯಲ್ಲಿ ಕೂರಿಸಿ, ಒತ್ತಿ ತೆಗೆದರು. ಎರಡು ಕಡೆ ಪೇಸ್ಟು ಅಳಿಸಿಹೋಗಿ ಗುಲಾಬಿ ಬಣ್ಣ ಇಣುಕುತ್ತಿತ್ತು. ‘ಒತ್ತುತ್ತಿರೋದು ಇಲ್ಲಿ. ನೀವು ಉಜ್ಜಿರೋದು ಅಲ್ಲಿ’ ಎಂದು ಪ್ಲೇಟಿನ ಇನ್ನೊಂದು ತುದಿ ತೋರಿಸಿದರು. ಎಮರಿ ಪೇಪರಿನ ಸುದ್ದಿಯನ್ನು ರಾಯರು ಬಾಯಿ ಬಿಟ್ಟಿರಲಿಲ್ಲ. ಒಳಮೈಗೆ ಹೊಸ ಪದರ ಹಾಕಬೇಕು, ಕೊಕ್ಕೆ ಬದಲಿಸಬೇಕು, ಭಾರ ಇಳಿಸಿದರೆ ಕೋರೆಹಲ್ಲು ಉಳಿಯುತ್ತದೇನೋ ನೋಡೋಣ ಎಂದರು. ಹದಿನೈದು ದಿನ ಔಷಧಿ ಹಚ್ಚಿ ಕೆಂಪು ಇಳಿದ ಮೇಲೆ ಸೆಟ್ಟನ್ನು ಒಂದು ದಿನ ಲ್ಯಾಬಿಗೆ ಬಿಡಬೇಕಾಗುತ್ತದೆ.

‘ಒಂದು ದಿನ ಪೂರ್ತಿ ಹಲ್ಲಿಲ್ಲದೆಯೇ?’ ರಾಯರು ಜೇಬಿನಿಂದ ಡೈರಿ ತೆಗೆದರು. ಮುಂಜಿ, ಸೀಮಂತ, ಪೆನ್ಷನರ್ಸ್ ಸಂಘದ ವರದಿ ವಾಚನ, ಯಾವ ದಿನವೂ ಖಾಲಿಯಿಲ್ಲ. ಡಾಕ್ಟರಮ್ಮ ಮುಂದಿನ ಪೇಷಂಟಿನ ಕಡೆ ನೋಡಿದರು. ಅಷ್ಟರಲ್ಲಿ ರಾಯರ ಮುಖ ಅರಳಿತು.

‘ಏಕಾದಶಿ! ಅವತ್ತು ನೀರೂ ಮುಟ್ಟಲ್ಲ. ಹಲ್ಲು ತಗೊಂಡು ಏನು ಮಾಡಲಿ? ಬರಕೊಳ್ಳಮ್ಮ.’

ರಿಸೆಪ್ಷನ್ನಿನ ಹುಡುಗಿ ಬರೆದುಕೊಂಡಳು. ‘ಮಾರನೇ ದಿನ ಹತ್ತು ಗಂಟೆಗೆ ಬಂದು ತಗೊಳ್ಳಿ ಅಂಕಲ್.’

‘ಹತ್ತು ಗಂಟೆಗೆ? ದ್ವಾದಶಿ ಪಾರಣೆ ಆರೂವರೆಗೆ! ಅಷ್ಟು ಹೊತ್ತಿಗೆ ಕ್ಲಿನಿಕ್ ತೆಗೆಯೋಕಾಗುತ್ತಾ ನೋಡಿ. ಹಾಗೇ ಇನ್ನಾರು ತಿಂಗಳಿಂದೂ ಏಕಾದಶಿಗೇ ಹಾಕಿ.’

‘ಅದು ಯಾವ ತಾರೀಕು ಬರುತ್ತೆ ಅಂಕಲ್?’

‘ಟಿಕ್’ ಎಂದಿತು. ‘ನೋಡಮ್ಮ,’ ಎಂದು ರಾಯರು ಕುರ್ಚಿ ಎಳೆದುಕೊಂಡು ಕೂತು, ಅಧಿಕಮಾಸದಿಂದ ಶುರುಮಾಡಿದರು.