ಪೂಜೆ ಬಾನೆಟ್ಟಿಗೆ, ಭಾರ ಡಿಫರೆನ್ಶಿಯಲ್ಲಿಗೆ

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯ ಪಕ್ಕ ಒಂದು ತಗಡಿನ ಶೆಡ್ಡು. ಅದರೊಳಗೆ ಒಂದು ಬಿಳಿ ಪಿಕಪ್ಪು. ಮುಂದಿನ ಗಾಜಿನ ಮೇಲೆ ‘ಮಾದಪ್ಪನ ಕೃಪೆ’, ಹಿಂದೆ ‘ತಾಯಿಯ ಆಶೀರ್ವಾದ’, ಎರಡು ಕನ್ನಡಿಗೂ ಕಪ್ಪು ಕುಚ್ಚು, ಬಂಪರಿಗೆ ಒಣಗಿದ ನಿಂಬೆಹಣ್ಣು. ಮೇಸ್ತ್ರಿ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿದ್ದಾರೆ, ಮಾಲೀಕರು ಟೀ ಅಂಗಡಿಗೆ. ಗಾಡಿಯ ಕೆಳಗೆ, ಹಿಂದಿನ ಅಚ್ಚಿನ ನಟ್ಟನಡುವೆ ಗುಂಡಗೆ ಉಬ್ಬಿಕೊಂಡು ಮಣ್ಣು ಮೆತ್ತಿಕೊಂಡಿರುವ ಮಹನೀಯರನ್ನು ಇದೇ ಸಮಯ ನೋಡಿ ಮಾತನಾಡಿಸಲಾಯಿತು. ಅವರ ಮಾತು ಕೊಳ್ಳೇಗಾಲ ಸೀಮೆಯದು, ತಿದ್ದಲು ಹೋಗಿಲ್ಲ.

ನಮಸ್ಕಾರ. ಮೊದಲಿಗೆ ತಮ್ಮ ಪರಿಚಯ?

— ಹುಟ್ಟಿದ ಮ್ಯಾಲ ನನ್ನ ಪರಿಚಯ ಕೇಳ್ದವರು ನೀವೇ ಮೊದಲು ಕನಪ್ಪ. ಕಂಪನಿಯವರು ಇಟ್ಟ ಹೆಸರು ಡಿಫರೆನ್ಶಿಯಲ್ಲು. ಮೇಸ್ತ್ರಿಗಳು ಡಿಫ್ರೆನ್ಸು ಅಂತರ, ಕೆಲವರು ಹೌಸಿಂಗು ಅಂತರ. ಮಾಲೀಕರು ಏನೂ ಅನ್ನಲ್ಲ. ನಾನು ಇದ್ದಿನಿ ಅನ್ನೋದೇ ಅವರ್ಗ ಗೊತ್ತಿಲ್ಲ.

ತಮ್ಮ ಉದ್ಯೋಗ?

— ಇಂಜಿನ್ನಿನ ಶಕ್ತಿ ಗೇರ್‌ಬಾಕ್ಸಿಗ ಬತ್ತದ, ಅಲ್ಲಿಂದ ಉದ್ದನೆ ಪ್ರೊಪೆಲ್ಲರ್ ಶಾಫ್ಟ್ ಹಿಡಿದು ನನ್ನ ಮೂತಿಗ ಬತ್ತದ. ಪಿನಿಯನ್ ಅನ್ನೋ ಸಣ್ಣ ಗೇರು ಕ್ರೌನ್ ಅನ್ನೋ ದೊಡ್ಡ ಗೇರನ್ನ ತಳ್ತದ, ಶಕ್ತಿ ಮೂಲೆ ತಿರುಗಿ ಚಕ್ರಗಳಿಗ ಹೋಯ್ತದ. ಅದು ಅರ್ಧ ಕೆಲಸ. ಇನ್ನರ್ಧ ಕೇಳಿ. ಮಾದೇಶ್ವರ ಬೆಟ್ಟಕ್ಕ ಹೋಗಿದ್ದರಲ್ಲ? ತಾಳಬೆಟ್ಟ ದಾಟುದ್ರ ತಿರುವು ಶುರು. ಗಾಡಿ ಪೂರ್ತಿ ಹಿಮ್ಮುಖ ಆಗೋ ತಿರುವಲ್ಲಿ ಹೊರಗಿನ ಚಕ್ರ ಒಳಗಿನ ಚಕ್ರಕ್ಕಿಂತ ಹೆಚ್ಚುಕಮ್ಮಿ ನಾಲ್ಕೂವರೆ ಮೀಟರ್ ಜಾಸ್ತಿ ಓಡಬೇಕು. ಎರಡನ್ನೂ ಒಂದೇ ಕಂಬಿಗ ಬಿಗಿದುಬುಟ್ರ ಒಂದು ಟೈರು ರಸ್ತೆಗ ಉಜ್ಕೊಂಡೇ ಬರಬೇಕು. ನಾನು ನಡುವ ಕೂತು, ನೀನು ಬೇಗ ಹೋಗು, ನೀನು ನಿದಾನ ಬಾ ಅಂತ ಇಬ್ರನ್ನೂ ಒಪ್ಪಿಸ್ತಿನಿ. ದಿಂಬಂ ಘಾಟಿಲಿ ಇಂಥವು 27. ಒಂದ್ಸಲ ಎಡಗಡೆಯವನು ಹೊರಗ, ಒಂದ್ಸಲ ಬಲಗಡೆಯವನು ಹೊರಗ. ಜಗಳ ಇಲ್ಲದಂಗ ಇಳಿಸ್ತಿನಿ.

ಎತ್ತಿನ ಗಾಡಿಗಳು ನೀವಿಲ್ಲದೆಯೇ ಬೆಟ್ಟ ಹತ್ತುತ್ತಿದ್ದವಲ್ಲ?

— ಹತ್ತುತಿದ್ದೊ. ಆ ಗಾಡಿ ಅಚ್ಚು ತಿರುಗಲ್ಲ, ಎರಡು ಚಕ್ರವೂ ಅವರವರ ಪಾಡಿಗ ತಿರುಗ್ತವ, ಎಳೆಯೋರು ಎತ್ತುಗಳು. ಯಾವಾಗ ಚಕ್ರನೇ ಗಾಡಿನ ತಳ್ಳಬೇಕು ಅಂತ ಆಯ್ತೋ, ಆಗ ನಾನು ಬೇಕಾದೆ. 1827ರಲ್ಲಿ ಫ್ರಾನ್ಸಿನ ಪೆಕರ್ ಅನ್ನೋರು ಸ್ಟೀಮ್ ಗಾಡಿಗ ಅಂತ ನನ್ನನ್ನ ಕಟ್ಟುದ್ರು. ಆಗ ನಮ್ಮ ಯಳಂದೂರು ದಿವಾನ್ ಪೂರ್ಣಯ್ಯನವರ ಮನೆತನದ ಜಾಗೀರು. ಹಳೆ ವಂಶ ಕನಪ್ಪ ನಂದು.

ಈಗ ಈ ಶೆಡ್ಡಿಗೆ ಬಂದು ಮಲಗಿರುವ ಕಾರಣ?

— ಕೂಗ್ತಾ ಇದ್ದೆ. ಐವತ್ತು ಅರವತ್ತರ ಸ್ಪೀಡಿಗ ಹೋದ್ರ ಕುಂಯ್ ಅಂತ. ಮಾಲೀಕರು ಪಾಟಿನ ವಾಲ್ಯೂಮ್ ಜಾಸ್ತಿ ಮಾಡುದ್ರು. ಇನ್ನೂ ಜೋರಾಗಿ ಕೂಗ್ದೆ. ಸ್ಪೀಕರೇ ಹೊಸದು ಹಾಕುಸುದ್ರು. ಕೊನೆಗ ಕಟಕಟ ಅಂದಾಗ ಕರಕೊಂಡು ಬಂದವರ. ನನ್ನೊಳಗ ಇರೋ ಆಯಿಲು ಫ್ಯಾಕ್ಟರಿಲಿ ತುಂಬಿದ್ದು. ತುಂಬಿದಾಗ ಹನೂರು ಇನ್ನೂ ಕೊಳ್ಳೇಗಾಲ ತಾಲ್ಲೂಕಲ್ಲೇ ಇತ್ತು. 2018ರಲ್ಲಿ ಹನೂರೇ ತಾಲ್ಲೂಕಾಯ್ತು, ತಹಶೀಲ್ದಾರ್ರು ಬಂದ್ರು, ಬೋರ್ಡು ಬದಲಾಯ್ತು. ನನ್ನ ಆಯಿಲು ಬದಲಾಗನಿಲ್ಲ.

ಇಂಜಿನ್ ಆಯಿಲನ್ನು ಮಾತ್ರ ತಪ್ಪದೆ ಬದಲಿಸುತ್ತಾರಲ್ಲ?

— ಅದಕ್ಕ ಕಡ್ಡಿ ಅದ, ಎಳೆದು ನೋಡ್ತರ. ಡ್ಯಾಶ್‌ಬೋರ್ಡಿಲಿ ಕೆಂಪು ದೀಪ ಅದ. ನನ್ಗ ಕಡ್ಡಿನೂ ಇಲ್ಲ, ದೀಪವೂ ಇಲ್ಲ. ಇಲ್ಲಿ ಅರ್ಜಿ ಕೊಡದವನ್ಗ ಯಾರು ಏನ ಕೊಡ್ತರ, ಹೇಳಿ.

ಇಂಜಿನ್ನಿಗೆ ಹಾಕುವುದನ್ನೇ ತಮಗೂ ಹಾಕಬಹುದಲ್ಲವೇ?

— ನಮ್ಮ ಮಾಲೀಕರೂ ಇದೇ ಕೇಳುದ್ರು, ಡಬ್ಬಿಲಿ ಉಳಿದಿತ್ತಂತ! ನನ್ನ ಹಲ್ಲುಗಳು ಬರೀ ಉರುಳಲ್ಲ, ಒಂದರ ಮ್ಯಾಲ ಒಂದು ಒತ್ತಿಕೊಂಡು ಜಾರ್ತವ. ಆ ಒತ್ತಡಕ್ಕ ಬರೀ ಎಣ್ಣೆ ಪದರ ಹರಿದು ಹೋಯ್ತದ. ಅದಕ್ಕೇ ಗೇರ್ ಆಯಿಲಿಗ ಗಂಧಕ, ರಂಜಕ ಸೇರಿಸಿರ್ತರ. ಬಿಸಿಯಾದಾಗ ಅವು ಹಲ್ಲಿನ ಮ್ಯಾಲ ಒಂದು ತೆಳು ಹೊದಿಕೆ ಕಟ್ತವ. ಆ ಗಬ್ಬು ವಾಸನೆ ಬರೋದೂ ಗಂಧಕದಿಂದಲೇ. ವಾಸನೆ ಬಂತು ಅಂತ ಮೂಗು ಮುಚ್ಕೋಬೇಡಿ, ನನ್ನ ಹಲ್ಲು ಉಳಿಸೋದು ಅದೇ. ಡಬ್ಬಿ ಮ್ಯಾಲ 80ಡಬ್ಲ್ಯು-90 ಅಂತಲೋ 85ಡಬ್ಲ್ಯು-140 ಅಂತಲೋ ಇರ್ತದ, ಜಿಎಲ್-5 ಅಂತ ಇರ್ತದ. ಹಂಗಂತ ಅದನ್ನೇ ತಕ್ಕೊಂಡು ಹೋಗಿ ನಮ್ಮಣ್ಣ ಗೇರ್‌ಬಾಕ್ಸಿಗ ಸುರೀಬೇಡಿ. ಅವನೊಳಗ ಹಿತ್ತಾಳೆ ಬಳೆಗಳು ಇರ್ತವ, ಕೆಲವು ಜಿಎಲ್-5 ಆಯಿಲು ಹಿತ್ತಾಳೆನ ತಿಂದುಬುಡ್ತವ. ಅವನ್ಗ ಜಿಎಲ್-4 ಅಂತ ಬರೆದಿದ್ರ ಜಿಎಲ್-4ನೇ ಹಾಕಬೇಕು.

ಆಯುಧ ಪೂಜೆಯಲ್ಲಾದರೂ ತಮಗೆ ಮರ್ಯಾದೆ ಸಿಗುತ್ತದೆಯೇ?

— ಅಯ್ಯೋ, ಆ ದಿನನೇ ನನ್ಗ ಹೆಚ್ಚು ಕಷ್ಟ. ಬಾನೆಟ್ಟಿಗ ಮೂರು ಬೆರಳು ವಿಭೂತಿ, ಸ್ಟೇರಿಂಗಿಗ ಕುಂಕುಮ, ಬಾಳೆಕಂದು, ಚೆಂಡುಹೂವಿನ ಹಾರ. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು. ಬೂದುಗುಂಬಳಕಾಯಿ ಒಡೆದು ರಸ್ತೆ ತುಂಬ ಕುಂಕುಮದ ನೀರು, ಹಿಂದ್ಗಡೆ ಬರೋ ಬೈಕಿನವನು ಅದರ ಮ್ಯಾಲ ಜಾರಿ ಬೀಳಬೇಕು. ಆದರ ಹಿಂದಿನ ದಿನ ಏನಾಯ್ತದ ಗೊತ್ತ? ವಾಟರ್ ಸರ್ವೀಸಿಗ ಬುಟ್ಟು, ಪ್ರೆಶರ್ ನೀರು ತಕ್ಕೊಂಡು ನನ್ನ ಮೂಗಿಗೇ ಹೊಡೀತರ! ಅಚ್ಚಿನ ಮ್ಯಾಲ ಒಂದು ಸಣ್ಣ ಟೋಪಿ ಅದ, ನೋಡಿ, ಬ್ರೀದರ್ ಅಂತ. ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಅಲ್ಲಿಂದ ಹೊರಗ ಹೋಗಬೇಕು. ಅದಕ್ಕ ಮಣ್ಣು ಕಟ್ಕಂಡ್ರ ಗಾಳಿಗ ದಾರಿ ಇಲ್ಲ, ಆಯಿಲ್ ಸೀಲನ್ನೇ ನೂಕಿಕೊಂಡು ಎಣ್ಣೆ ಬ್ರೇಕ್ ಲೈನರಿಗ ಇಳೀತದ. ಆಮ್ಯಾಲ ಬೆಟ್ಟ ಇಳಿಯೋವಾಗ ಬ್ರೇಕ್ ಹಿಡೀನಿಲ್ಲ ಅಂದ್ರ, ‘ದೃಷ್ಟಿ ಆಗದ’ ಅಂತ ಇನ್ನೊಂದು ನಿಂಬೆಹಣ್ಣು ಕಟ್ತರ.

ನೀರಿನ ಮಾತು ಬಂತು. ಪ್ರವಾಹದ ಅನುಭವವೂ ಇದೆಯೇ?

— ಇಲ್ದೆ ಏನು. 2019ರ ಆಗಸ್ಟಲ್ಲಿ ಕಾವೇರಿ ಉಕ್ಕಿ ದಾಸನಪುರದ ಕಡೆ ನುಗ್ಗಿದ್ಲಲ್ಲ, ಆಗ ಜನರ ಸಾಮಾನು ಸಾಗಿಸಕ್ಕ ಹೋಗಿದ್ವಿ. ಪುಣ್ಯದ ಕೆಲಸ, ಅದಕ್ಕ ನನ್ನ ತಕರಾರಿಲ್ಲ. ಆದರ ಓಡಿ ಓಡಿ ಕಾದಿರೋ ನಾನು ತಣ್ಣೀರಿಗ ಇಳಿದ್ರ ಒಳಗಿನ ಗಾಳಿ ತಟಕ್ಕನ ಕುಗ್ಗಿ ನೀರನ್ನ ಒಳಕ್ಕ ಎಳ್ಕತದ. ನೀರು ಸೇರಿದ ಗೇರ್ ಆಯಿಲು ಹಾಲು ಬೆರೆಸಿದ ಕಾಫಿ ಬಣ್ಣಕ್ಕ ತಿರುಗ್ತದ, ಬೇರಿಂಗಿಗ ತುಕ್ಕು ಹಿಡೀತದ. ಆಳದ ನೀರು ದಾಟಿಬಂದ ಗಾಡಿಲಿ ಮೊದಲು ಬಿಚ್ಚಿ ನೋಡಬೇಕಾದ್ದು ನನ್ನನ್ನ. ನಮ್ಮವರು ಸೀಟ್ ಕವರ್ ಒಣಗಿಸುದ್ರು.

ಕೆಸರಿನಲ್ಲಿ ಹೂತಾಗ ತಾವು ಕೈಕೊಡುತ್ತೀರಿ ಎಂಬ ಆರೋಪವಿದೆ. ಗಟ್ಟಿ ನೆಲದ ಮೇಲಿರುವ ಚಕ್ರ ಸುಮ್ಮನಿರುತ್ತದೆ, ಕೆಸರಿನಲ್ಲಿರುವುದು ಮಾತ್ರ ಗಿರಗಿರ ತಿರುಗುತ್ತದೆ.

— ನಿಜ, ಒಪ್ಕತಿನಿ. ನಾನು ಇಬ್ಬರ್ಗೂ ಒಂದೇ ಸಮ ಬಲ ಕೊಡೋನು. ಒಬ್ಬನ್ಗ ಹಿಡಿತ ಇಲ್ಲ ಅಂದ್ರ ಅವನು ತಡಕೊಳ್ಳೋ ಅಷ್ಟೇ ಇನ್ನೊಬ್ಬನ್ಗೂ ಸಿಗೋದು. ತಿರುಗಾಟವೆಲ್ಲ ಜಾರೋನ ಪಾಲು. ಲಾಕ್ ಇರೋ ಡಿಫರೆನ್ಶಿಯಲ್ಲು ಬೇರೆ ಬತ್ತವ, ಅವಕ್ಕ ದುಡ್ಡು ಜಾಸ್ತಿ. ಕೆಲಸ ಮಾಡೋನ್ನ ಬುಟ್ಟು ಸುಮ್ನ ಗಿರಗಿರ ತಿರುಗೋನ್ಗೇ ಎಲ್ಲಾ ಹೋಯ್ತದ, ಇದು ಅನ್ಯಾಯ ಅಂತರಾ? ನಿಮ್ಮ ಅನುದಾನ ಹೆಂಗ ಹಂಚ್ತರ ಅಂತ ನಾನು ಯಾವತ್ತಾದ್ರೂ ಕೇಳಿದ್ದಾನ?

(ಈ ಪ್ರಶ್ನೆಗೆ ಸಂದರ್ಶಕರ ಬಳಿ ಉತ್ತರವಿರಲಿಲ್ಲ.)

ಭಾರದ ವಿಚಾರ?

— ಗಾಡಿ ಮೈಮ್ಯಾಲೇ 1.7 ಅಂತ ಬರೆದದ. ಟನ್ನಿನ ಲೆಕ್ಕ ಅದು. ರಾಮಾಪುರದ ಕಡೆ ಮುಸುಕಿನ ಜೋಳ ತುಂಬೋರು ಅದನ್ನ ಗಾಡಿ ಹೆಸರು ಅಂದ್ಕಂಡವರ. ಅರಿಸಿನ ತುಂಬಿ ಈರೋಡಿಗ ಹೋಗೋವಾಗಲೂ ಇದೇ ಕತೆ. ಭಾರ ಹೆಚ್ಚಾದ್ರ ಆಯಿಲು ಕಾಯ್ತದ, ಕಾದ್ರ ತೆಳ್ಳಗಾಯ್ತದ, ತೆಳ್ಳಗಾದ್ರ ಹಲ್ಲಿಗ ಹಲ್ಲು ತಾಗ್ತದ. ದುಡಿಸ್ಕಳಿ, ಬೇಡ ಅನ್ನಲ್ಲ. ಆದರ ಭಾರ ಹೊತ್ತು ಘಾಟಿ ಓಡಾಡೋ ಗಾಡಿಗ ಆಯಿಲು ಬೇಗ ಬದಲಾಯಿಸಬೇಕು, ಮನೆಮುಂದ ನಿಲ್ಲೋ ಗಾಡಿ ಲೆಕ್ಕ ಹಿಡೀಬಾರದು.

ಬದಲಾಯಿಸುವುದು ಹೇಗೆಂದು ಓದುಗರಿಗೆ ತಿಳಿಸುತ್ತೀರಾ?

— ಒಂದಷ್ಟು ದೂರ ಓಡಿಸ್ಕಂಡು ಬನ್ನಿ, ಬೆಚ್ಚಗಿದ್ರ ಆಯಿಲು ಚೆನ್ನಾಗಿ ಇಳೀತದ. ಸಮತಟ್ಟು ಜಾಗದಲ್ಲಿ ನಿಲ್ಸಿ, ಚಕ್ರಕ್ಕ ಕಲ್ಲು ಕೊಡಿ. ಈಗ ಹೇಳೋದನ್ನ ಕಿವಿಗೊಟ್ಟು ಕೇಳಿ: ಮೊದಲು ತುಂಬೋ ಬೋಲ್ಟು ಬಿಚ್ಚಿ, ಆಮ್ಯಾಲ ಕೆಳಗಿನ ಇಳಿಸೋ ಬೋಲ್ಟು. ಅವಸರದವರು ಕೆಳಗಿಂದು ಬಿಚ್ಚಿ ಎಲ್ಲಾ ಸುರಿಸಿಬುಟ್ಟು, ಆಮ್ಯಾಲ ಮ್ಯಾಲಿಂದು ತುಕ್ಕು ಹಿಡಿದು ಅಲ್ಲಾಡ್ದೆ ಕೂತ್ರ ಖಾಲಿ ಹೊಟ್ಟೆ ಗಾಡಿ ಇಟ್ಕಂಡು ಒದ್ದಾಡ್ತರ. ಕೆಳಗಿನ ಬೋಲ್ಟಿನ ತುದೀಲಿ ಅಯಸ್ಕಾಂತ ಇದ್ರ ಒರೆಸಿ ನೋಡಿ. ಬೂದು ಬಣ್ಣದ ನುಣ್ಣನೆ ಪೇಸ್ಟು ಅಂಟಿದ್ರ ಚಿಂತೆ ಇಲ್ಲ, ಅದು ಸವೆತ. ಬೆರಳಿಗ ಚುಚ್ಚೋ ಚೂರು ಸಿಕ್ರ ಮೇಸ್ತ್ರಿಗ ಹೇಳಿ, ಅದು ನನ್ನ ಹಲ್ಲು. ಕೆಳಗಿಂದು ಬಿಗಿದು, ಮ್ಯಾಲಿನ ತೂತಿನ ಅಂಚಿಂದ ಹೊಸ ಆಯಿಲು ತುಳುಕೋವರ್ಗೂ ತುಂಬಿ. ಗಾಡಿನ ಓರೆ ನಿಲ್ಲಿಸಿ ಜಾಸ್ತಿ ತುಂಬಿಸಬೇಡಿ, ನೊರೆ ಎದ್ದು ಸೀಲಿಂದ ಹೊರಗ ಬತ್ತದ. ಅದೇ ಕೈಲಿ ಗೇರ್‌ಬಾಕ್ಸ್ ಆಯಿಲೂ ನೋಡಿ, ಶಾಫ್ಟಿನ ಕ್ರಾಸಿಗ ಗ್ರೀಸ್ ಹೊಡೀರಿ. ಫೋರ್ ವೀಲ್ ಗಾಡಿ ಆದ್ರ ಮುಂದ್ಗಡೆ ನನ್ನ ತಮ್ಮ ಒಬ್ಬ ಅವ್ನ, ನಡುವ ಟ್ರಾನ್ಸ್‌ಫರ್ ಕೇಸ್ ಅಂತ ಇನ್ನೊಬ್ಬ ಅವ್ನ. ಅವರನ್ನ ನೆನೆಸೋರು ನನ್ಗಿಂತ ಕಮ್ಮಿ.

ಇಳಿಸಿದ ಹಳೆ ಆಯಿಲು?

— ಸೆಂಟ್ರಿಂಗ್ ಹಲಗೆಗ ಬಳೀತರ, ಬೇಲಿ ಗೂಟಕ್ಕ ಬಳೀತರ, ಉಳಿದದ್ದು ಚರಂಡಿಗ. 2016ರ ನಿಯಮದ ಲೆಕ್ಕದಲ್ಲಿ ಅದು ಅಪಾಯಕಾರಿ ತ್ಯಾಜ್ಯ ಕನಪ್ಪ, ಪರವಾನಗಿ ಇರೋ ಸಂಸ್ಕರಣೆಯವರಿಗೇ ಸೇರಬೇಕು. ಶೆಡ್ಡಿನವರ ಡ್ರಮ್ಮಿಗ ಹಾಕಿ, ಚರಂಡಿಗ ಬ್ಯಾಡಿ. ನಮ್ಮೂರ ಚರಂಡಿ ಕೊನೆಗ ಯಾವ ಹೊಳೆ ಸೇರ್ತದ ಅಂತ ನಿಮ್ಗೇ ಗೊತ್ತಲ್ಲ.

ಅಗೋ, ಮೇಸ್ತ್ರಿ ಬಂದರು. ಓದುಗರಿಗೆ ಕೊನೆಯ ಮಾತು?

— ಎಷ್ಟು ಕಿಲೋಮೀಟರಿಗ ಬದಲಾಯಿಸಬೇಕು, ಯಾವ ಆಯಿಲು, ಎಷ್ಟು ಲೀಟರು ಅಂತ ನನ್ನ ಕೇಳಬೇಡಿ, ಗಾಡಿಯಿಂದ ಗಾಡಿಗ ಬೇರೆ ಇರ್ತದ. ಗಾಡಿ ಜೊತ್ಗ ಒಂದು ಪುಸ್ತಕ ಕೊಟ್ಟವರ. ಡ್ಯಾಶ್‌ಬೋರ್ಡಿನ ಖಾನೇಲಿ ಊದುಕಡ್ಡಿ ಪೊಟ್ಟಣದ ಕೆಳಗ ಅದ, ಪ್ಲಾಸ್ಟಿಕ್ ಕವರೂ ಹರಿದಿಲ್ಲ. ಇವತ್ತು ಸಂಜೆ ಅದನ್ನ ತೆಗೆದು ಆ ಪುಟ ಓದಿ.