ಛತ್ರದ ಬೀಗ ತೆಗೆಯಿರಿ
ಹಳೆಯ ಛತ್ರಗಳ ಧರ್ಮದರ್ಶಿಗಳಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಹೋದ ಆಷಾಢದಲ್ಲಿ ಅಮ್ಮನನ್ನು ಕರೆದುಕೊಂಡು ಒಂದು ಕ್ಷೇತ್ರಕ್ಕೆ ಹೋಗಿದ್ದೆ. ದಾರಿಯಲ್ಲಿ ಬಸ್ಸು ಕೆಟ್ಟು, ಊರು ಮುಟ್ಟುವಾಗ ರಾತ್ರಿ ಒಂಬತ್ತೂವರೆ. ಜಡಿಮಳೆ ಹಿಡಿದಿತ್ತು. ದೇವಸ್ಥಾನದ ಪಕ್ಕದಲ್ಲೇ ದೊಡ್ಡ ಛತ್ರ. ಬಾಗಿಲ ಮೇಲಿನ ಕಲ್ಲಿನಲ್ಲಿ ಕಟ್ಟಿಸಿದ ದಂಪತಿಯ ಹೆಸರು, ಅದರ ಕೆಳಗೆ ‘ಯಾತ್ರಿಕರ ಉಪಯೋಗಕ್ಕಾಗಿ’ ಎಂಬ ಅಕ್ಷರ. ಕಾವಲುಗಾರ ಒಳ್ಳೆಯ ಮನುಷ್ಯ. ಅಮ್ಮನಿಗೆ ಕುರ್ಚಿ ತಂದುಕೊಟ್ಟ, ಕುಡಿಯಲು ನೀರು ಕೊಟ್ಟ. ಕೋಣೆ ಮಾತ್ರ ಕೊಡುವಂತಿಲ್ಲ ಎಂದ. ‘ಮದುವೆಗೆ ಬುಕ್ ಮಾಡಿದವರಿಗೆ ಅಷ್ಟೇ. ಧಣಿಗಳ ಆರ್ಡರ್.’ ಆಷಾಢದಲ್ಲಿ ಎಲ್ಲಿಯ ಮದುವೆ? ಹಜಾರದ ಎರಡೂ ಕಡೆ ಸಾಲು ಕೋಣೆಗಳು ಖಾಲಿ ಬಿದ್ದಿದ್ದವು, ಎಲ್ಲಕ್ಕೂ ಬೀಗ. ಎಪ್ಪತ್ತೆರಡರ ಅಮ್ಮ ಆ ರಾತ್ರಿಯನ್ನು ಬಸ್‌ನಿಲ್ದಾಣದ ಸಿಮೆಂಟು ಬೆಂಚಿನ ಮೇಲೆ ಕಳೆದರು.

ಆ ಕಲ್ಲಿನ ಅಕ್ಷರ ನನ್ನನ್ನು ಇನ್ನೂ ಬಿಟ್ಟಿಲ್ಲ. ಅದಕ್ಕೇ ಈ ಪತ್ರ.

ದಾರಿಹೋಕನಿಗೆ ನೆಲೆ ಕೊಡುವುದು ಈ ನಾಡಿಗೆ ಯಾರೋ ಕಲಿಸಿದ್ದಲ್ಲ. ಛತ್ರ ಎಂಬ ಮಾತಿನ ಹಿಂದೆ ‘ಸತ್ರ’ವಿದೆ, ಶಾಸನಗಳ ತುಂಬ ಸತ್ರಕ್ಕೆ, ಅರವಟಿಗೆಗೆ ಬಿಟ್ಟ ಭೂಮಿಯ ಲೆಕ್ಕವಿದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೋಡಿಯ ಮಠವಿತ್ತು. ದೀನರಿಗೆ, ಕುಂಟರಿಗೆ, ಕುರುಡರಿಗೆ, ಕಥೆ ಹೇಳುವವರಿಗೆ, ಹಾಡುವವರಿಗೆ ಅಲ್ಲಿ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು ಎಂದು 1162ರ ಶಾಸನ ಒಬ್ಬೊಬ್ಬರನ್ನೇ ಹೆಸರಿಸಿ ಹೇಳುತ್ತದೆ. ಆ ಪಟ್ಟಿ ಓದುವಾಗ ನನಗೆ ಕಣ್ಣು ತುಂಬುತ್ತದೆ. ಯಾರನ್ನೂ ಮರೆಯಬಾರದು ಎಂದು ಕೂತು ಬರೆಸಿದವರ ಪಟ್ಟಿ ಅದು.

ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ಗುಬ್ಬಿಯಿಂದ ಬಂದು ಬೆಂಗಳೂರಿನ ಮಾಮೂಲ್‌ಪೇಟೆಯಲ್ಲಿ ಅಂಗಡಿ ಇಟ್ಟ ತೋಟದಪ್ಪನವರು, ಗಳಿಸಿದ್ದನ್ನೆಲ್ಲ ಧರ್ಮಕ್ಕೆ ಬಿಟ್ಟು, ರೈಲು ನಿಲ್ದಾಣದ ಎದುರಿಗೇ ಜಾಗ ಹುಡುಕಿ ಛತ್ರ ಕಟ್ಟಿಸಿದರು. 1903ರಲ್ಲಿ ಅದರ ಬಾಗಿಲು ತೆರೆಯಿತು. ಆಗ ಎದುರಿಗೆ ಧರ್ಮಾಂಬುಧಿ ಕೆರೆಯಿತ್ತು. ಈಗ ಅಲ್ಲಿ ಮೆಜೆಸ್ಟಿಕ್ ಬಸ್‌ನಿಲ್ದಾಣವಿದೆ. ರೈಲಿಳಿದವನು ಮೂಟೆ ಹೊತ್ತು ಎಷ್ಟು ಹೆಜ್ಜೆ ನಡೆದಾನು ಎಂದು ಯೋಚಿಸಿದ ವರ್ತಕರು ಅವರು. ಹೊರ ಊರಿನ ವಿದ್ಯಾರ್ಥಿಗಳಿಗೂ ಅಲ್ಲಿ ಜಾಗ ಮಾಡಿದರು.

ಹಳೆಯದೆಲ್ಲ ಚಿನ್ನ ಎಂದು ನಾನು ಹೇಳುತ್ತಿಲ್ಲ. ಎಷ್ಟೋ ಛತ್ರಗಳಲ್ಲಿ ಜಾತಿ ಕೇಳಿಯೇ ಚಾಪೆ ಹಾಸುತ್ತಿದ್ದರು, ಕೆಲವರಿಗೆ ಜಗಲಿಯೂ ಸಿಗುತ್ತಿರಲಿಲ್ಲ. ಅದು ಮರಳಿ ಬರುವುದೇ ಬೇಡ. ಬೀದರಿನ ಗುರುದ್ವಾರ ನಾನಕ ಝೀರಾದಲ್ಲಿ ಯಾವ ಧರ್ಮದವರೂ ಪಂಕ್ತಿಯಲ್ಲಿ ಕೂತು ಉಣ್ಣಬಹುದು, ಯಾತ್ರಿಕರಿಗೆ ಕೋಣೆಗಳೂ ಇವೆ. ಶ್ರವಣಬೆಳಗೊಳದ ಧರ್ಮಶಾಲೆಗಳು ಇಂದಿಗೂ ನಡೆಯುತ್ತಿವೆ. ನಡೆಸುವ ಮನಸ್ಸಿದ್ದರೆ ನಡೆಯುತ್ತದೆ.

ನಮ್ಮ ಹುಡುಗ ಹುಡುಗಿಯರು ಈಗ ಲಾಡ್ಜಿಗಿಂತ ಬೇರೆಯಾದ ತಂಗುದಾಣ ಹುಡುಕುತ್ತಾರೆ. ಕಾಫಿ ತೋಟದ ಮರದ ಮೇಲಿನ ಮನೆ, ಆಲಪ್ಪುಳದ ಕೆಟ್ಟುವಳ್ಳಂ ದೋಣಿ, ಹೊಳೆದಂಡೆಯ ಡೇರೆ. 1979ರಲ್ಲಿ ಜಪಾನಿನ ಒಸಾಕಾದಲ್ಲಿ ಶುರುವಾದ ಕ್ಯಾಪ್ಸೂಲ್ ಹೋಟೆಲು, ಒಬ್ಬರು ಮಲಗುವಷ್ಟೇ ಅಗಲದ ಗೂಡು, 2021ರಲ್ಲಿ ಮುಂಬೈ ಸೆಂಟ್ರಲ್ ನಿಲ್ದಾಣಕ್ಕೂ ಬಂತು. ಒಳ್ಳೆಯದೇ. ಆದರೆ ಕೆಂಪು ಗಾರೆಯ ನೆಲ, ಗೋಡೆಯ ಗೂಡಿನಲ್ಲಿ ದೀಪ, ಹಿತ್ತಲಲ್ಲಿ ಹಂಡೆಯ ಬಿಸಿನೀರು, ಬೆಳಗಿನ ಜಾವ ದೇವಸ್ಥಾನದ ನಗಾರಿಗೆ ಏಳುವ ಸುಖ, ಇವು ನಿಮ್ಮ ಛತ್ರದಲ್ಲಿವೆ. ಇದಕ್ಕಿಂತ ಬೇರೆಯಾದ ತಂಗುದಾಣವನ್ನು ಅವರಿಗೆ ಯಾರು ತೋರಿಸಿಯಾರು? ಒಂಟಿಯಾಗಿ ಊರು ಸುತ್ತುವ ಹೆಣ್ಣುಮಕ್ಕಳಿಗಂತೂ ಊರ ನಡುವೆ, ಗುಡಿಯ ಮಗ್ಗುಲಲ್ಲಿರುವ ಮನೆ ದೊಡ್ಡ ಧೈರ್ಯ.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಸೂರು ಸೋರುತ್ತದೆ, ಸುಣ್ಣ ಬಳಿಯಬೇಕು, ನೀರಿನ ಬಿಲ್ಲು, ಕರೆಂಟಿನ ಬಿಲ್ಲು, ಕಾವಲುಗಾರನ ಸಂಬಳ. ಮದುವೆಯ ಬಾಡಿಗೆ ಇಲ್ಲದಿದ್ದರೆ ಎಷ್ಟೋ ಛತ್ರಗಳು ಇಷ್ಟರಲ್ಲಿ ಕುಸಿದಿರುತ್ತಿದ್ದವು. ಮದುವೆಗಳನ್ನು ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಪುಕ್ಕಟೆ ಕೊಡಿ ಎಂದೂ ಕೇಳುತ್ತಿಲ್ಲ. ನ್ಯಾಯವಾದ ಬಾಡಿಗೆ ತೆಗೆದುಕೊಳ್ಳಿ. ನೋಂದಾಯಿತ ಧರ್ಮಸಂಸ್ಥೆಯೊಂದು ದೇವಾಲಯದ ಆವರಣದಲ್ಲಿ ದಿನಕ್ಕೆ 1000 ರೂಪಾಯಿಗಿಂತ ಕಡಿಮೆಗೆ ಕೋಣೆ ಕೊಟ್ಟರೆ ಜಿಎಸ್‌ಟಿ ವಿನಾಯಿತಿಯೂ ಇದೆ. ಅಪರಿಚಿತರ ಭಯವಿದ್ದರೆ ಗುರುತಿನ ಚೀಟಿ ನೋಡಿ, ಪುಸ್ತಕದಲ್ಲಿ ಹೆಸರು ಬರೆಸಿ, ಮೂರು ರಾತ್ರಿಗಿಂತ ಹೆಚ್ಚು ಇಲ್ಲ ಎಂದು ಬೋರ್ಡು ಹಾಕಿ. ಗುಂಡು ತುಂಡು ಕೂಡದು ಎನ್ನಿ, ಯಾರೂ ತಪ್ಪು ತಿಳಿಯುವುದಿಲ್ಲ.

ಆಷಾಢದಲ್ಲಿ, ಧನುರ್ಮಾಸದಲ್ಲಿ ಹೇಗೂ ನಿಮ್ಮ ಹಜಾರಕ್ಕೆ ಓಲಗದ ಸದ್ದಿಲ್ಲ. ಆ ಎರಡು ತಿಂಗಳಿಂದಲೇ ಶುರು ಮಾಡಿ. ಬೀದಿಗೆ ಹತ್ತಿರದ ಎರಡು ಕೋಣೆ ಗುಡಿಸಿ, ಚಾಪೆ ದಿಂಬು ಇಟ್ಟು, ಬೀಗದ ಕೈಯನ್ನು ಕಾವಲುಗಾರನ ಕೈಗೆ ಕೊಡಿ. ರಾತ್ರಿ ಹೊತ್ತು ಬಂದವರನ್ನು ಒಳಗೆ ಬಿಡುವ ಅಧಿಕಾರವನ್ನೂ ಅವನಿಗೇ ಕೊಡಿ.

ನಿಮ್ಮ ವಿಶ್ವಾಸಿ,
ಒಬ್ಬ ಯಾತ್ರಿಕ